ಬರೀ ಇನಿಶಿಯಲ್ ಇದ್ದ ಕಾರು

ಅವರ ಹೆಸರು ಎಚ್. ಎಂ. ಕಮರುದ್ದೀನ್. ಎಚ್ ಅಂದರೆ ಹುಣಸೂರು, ಎಂ ಅಂದರೆ ಅವರ ತಂದೆ ಮಹಬೂಬ್. ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾವು. ಪಾಸ್‌ಪೋರ್ಟ್ ಮಾಡಿಸುವಾಗ ಆ ಎರಡು ಅಕ್ಷರಗಳನ್ನೂ ಬಿಡಿಸಿ ಬರೆಯಬೇಕಾಯಿತು. ಅಮೆರಿಕದವರು ಮೊದಲು ಬಂದದ್ದೇ ಹೆಸರು ಅಂದುಕೊಂಡರು. ಹಾಗಾಗಿ ಓಕ್ಲ್ಯಾಂಡಿನ ಕ್ಲಿನಿಕ್ಕಿನಲ್ಲಿ ನರ್ಸು ಬಾಗಿಲಿಗೆ ಬಂದು ‘ಹುಣಸೂರ್’ ಎಂದು ಕೂಗಿದರೆ ಎದ್ದು ನಿಲ್ಲುತ್ತಿದ್ದವರು ಇವರು. ಕೆಲಸದ ಜಾಗದಲ್ಲಿ ಅದೂ ಇಲ್ಲ. ಕೋಟಿನ ಎದೆಯ ಮೇಲಿನ ಪಟ್ಟಿಯಲ್ಲಿ ‘ಕ್ಯಾಮ್’ ಎಂದಷ್ಟೇ ಬರೆದಿತ್ತು.

ಇಷ್ಟೆಲ್ಲ ನನಗೆ ಗೊತ್ತಾದದ್ದು ಒಂದೇ ಮಧ್ಯಾಹ್ನದಲ್ಲಿ. ಅವರು ಹೇಳಿದರು, ನಾನು ಕೇಳಿಸಿಕೊಂಡೆ. ನಾನೊಬ್ಬಳೇ ಕೇಳಿಸಿಕೊಂಡಿದ್ದರೆ ಇದನ್ನು ಬರೆಯುವ ಅಗತ್ಯವೇ ಬರುತ್ತಿರಲಿಲ್ಲ. ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು, ಅದೂ ಕೇಳಿಸಿಕೊಳ್ಳುತ್ತಿತ್ತು.

ಅದು 2000ದ ಫೆಬ್ರವರಿ. ನನ್ನ ಗಂಡ ವ್ಯಾಸರಾಜ ಸ್ಯಾನ್ ಹೋಸೆಯ ಒಂದು ನೆಟ್‌ವರ್ಕ್ ಕಂಪನಿಯಲ್ಲಿ ಇಂಜಿನಿಯರು. ಮನೆ ಅದೇ ಊರಿನ ಎವರ್‌ಗ್ರೀನ್‌ನಲ್ಲಿ. ಆ ವರ್ಷ ನಮ್ಮ ಬೀದಿಯಲ್ಲಿ ಇಬ್ಬರು ಸೇರಿದರೆ ಷೇರಿನ ಮಾತು, ಮೂವರು ಸೇರಿದರೆ ಕಾರಿನ ಮಾತು. ನಾನು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಏಜೆನ್ಸಿಯಲ್ಲಿ ಕೆಲಸಕ್ಕಿದ್ದೆ. ಹಳೇ ಗೋಡೌನು, ಮಧ್ಯೆ ಪಿಂಗ್‌ಪಾಂಗ್ ಟೇಬಲ್ಲು, ಅಡುಗೆಮನೆಯಲ್ಲಿ ಹದಿನಾಲ್ಕು ತರದ ಸೀರಿಯಲ್ಲು. ದೊಡ್ಡ ದೊಡ್ಡ ಕಂಪನಿಗಳಿಗೆ ‘ನೀವು ಯಾರು’ ಎಂದು ಹೇಳಿಕೊಡುವುದು ನಮ್ಮ ಕಸುಬು. ಅಲ್ಲಿದ್ದ ಮೂವತ್ತು ಜನರಲ್ಲಿ ತಾನು ಯಾರು ಎಂದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ, ನನ್ನನ್ನೂ ಸೇರಿಸಿ. ಆಫೀಸಿನಲ್ಲಿ ನನ್ನನ್ನು ‘ಪ್ರಾ’ ಅನ್ನುತ್ತಿದ್ದರು. ನಾನು ಓಗೊಡುತ್ತಿದ್ದೆ.

ಆ ಸಲದ ಗಿರಾಕಿ ಆಲ್ವೆರಾ. ಜಪಾನಿನ ಹರುಮಾ ಅನ್ನುವ ಕಂಪನಿ ಸಾಮಾನ್ಯರ ಕಾರು ಮಾಡಿ ಹೆಸರು ಗಳಿಸಿತ್ತು. ಟ್ಯಾಕ್ಸಿಯವರು, ಮೇಷ್ಟ್ರುಗಳು, ನಮ್ಮಂಥ ಹೊಸದಾಗಿ ಬಂದವರು, ಎಲ್ಲರೂ ಅದನ್ನೇ ಓಡಿಸುತ್ತಿದ್ದರು. ಅದೇ ಕಂಪನಿ ಶ್ರೀಮಂತರಿಗೆಂದು ಬೇರೆ ಹೆಸರಿನಲ್ಲಿ ಬೇರೆ ಶೋರೂಮು ತೆರೆದು ಮಾಡಿದ ಕಾರು ಆಲ್ವೆರಾ. ಹತ್ತು ವರ್ಷವಾಗಿತ್ತು. ಕಾರು ಕೆಡುತ್ತಿರಲಿಲ್ಲ, ಓಡುತ್ತಿತ್ತು, ತಕ್ಕಮಟ್ಟಿಗೆ ಮಾರಾಟವೂ ಆಗುತ್ತಿತ್ತು. ಆದರೆ ಬೀದಿಯಲ್ಲಿ ನಿಲ್ಲಿಸಿ ಕೇಳಿದರೆ ಆಲ್ವೆರಾ ಅಂದರೆ ಏನೆಂದು ಹೇಳಲು ಯಾರಿಗೂ ಬರುತ್ತಿರಲಿಲ್ಲ. ಒಬ್ಬ ಹೆಂಗಸು ಅಲೋವೆರಾ ಅಂದುಕೊಂಡು, ಮುಖಕ್ಕೆ ಹಚ್ಚುವ ಕ್ರೀಮಲ್ಲವೇ ಎಂದು ಕೇಳಿದ್ದಳು. ನನ್ನ ಗಂಡನಂತೂ ಅದನ್ನು ಲೋಳೆಸರದ ಕಾರು ಎಂದೇ ಕರೆಯುತ್ತಿದ್ದ. ಹೀಗೇಕೆ ಆಯಿತು ಎಂದು ಪತ್ತೆ ಮಾಡಿಕೊಡಿ ಎಂದು ಅವರು ನಮ್ಮ ಏಜೆನ್ಸಿಗೆ ಬಂದಿದ್ದರು.

ಪತ್ತೆ ಮಾಡುವ ವಿಧಾನಗಳಲ್ಲಿ ಒಂದು, ಗಿರಾಕಿಯ ವೇಷದಲ್ಲಿ ಶೋರೂಮಿಗೆ ಹೋಗುವುದು. ಅಲ್ಲಿನ ಸೇಲ್ಸ್‌ನವರು ಕಾರಿನ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನು ಗುಟ್ಟಾಗಿ ಟೇಪು ಮಾಡಿಕೊಂಡು ಬರಬೇಕು. ಇದು ಮೋಸವಲ್ಲವೇ ಎಂದು ನಾನು ಕೇಳಲಿಲ್ಲ. ಹಾಗೆ ಯಾವಾಗಲಾದರೂ ಟೇಪು ಮಾಡಬಹುದು ಎಂಬ ಕಾಗದಕ್ಕೆ ಅವರೆಲ್ಲ ಕೆಲಸಕ್ಕೆ ಸೇರುವಾಗಲೇ ಸಹಿ ಹಾಕಿರುತ್ತಾರೆ ಎಂದು ನನ್ನ ಬಾಸು ಡಯಾನ್ ತಾನಾಗಿಯೇ ಹೇಳಿದಳು. ವರದಿಯಲ್ಲಿ ಯಾರ ಹೆಸರೂ ಬರುವುದಿಲ್ಲ ಅಂದಳು. ಮಗು ಇದ್ದರೆ ಕರೆದುಕೊಂಡು ಹೋಗು, ಸಹಜವಾಗಿರುತ್ತದೆ ಅಂದಳು. ನಾಲ್ಕು ವರ್ಷದ ಮಾನ್ಯಾಳನ್ನು ಡೇಕೇರಿನಿಂದ ಬೇಗ ಕರೆದುಕೊಂಡು, ಹೊಸ ಫ್ರಾಕು ಹಾಕಿ, ವೇಷಕ್ಕೊಂದು ಒಡವೆಯ ಹಾಗೆ ಸೊಂಟಕ್ಕೇರಿಸಿಕೊಂಡು ಹೊರಟೆ. ಇದನ್ನು ಬರೆಯುವಾಗ ಈಗಲೂ ನನ್ನ ಮುಖ ಬಿಸಿಯಾಗುತ್ತದೆ.

ಶೋರೂಮು ಡ್ಯಾನ್‌ವಿಲ್ ಹತ್ತಿರ, 680 ಹೆದ್ದಾರಿಯ ಪಕ್ಕದಲ್ಲಿ. ಒಳಗೆ ಅಮೃತಶಿಲೆಯ ನೆಲ, ಎಲ್ಲೋ ನೀರು ಬೀಳುವ ಸದ್ದು, ಆರ್ಕಿಡ್ ಹೂವು. ಎದ್ದು ಬಂದವರು ಕ್ಯಾಮ್. ನಲವತ್ತರ ಆಸುಪಾಸು, ನರೆತ ಕಿರುಮೀಸೆ, ಇಸ್ತ್ರಿ ಮಾಡಿದ ಕೋಟು. ಇಂಗ್ಲಿಷಿನಲ್ಲಿ ಸ್ವಾಗತ ಹೇಳಿ, ಕಲಿಸಿಕೊಟ್ಟ ಪಾಠವನ್ನು ಒಪ್ಪಿಸತೊಡಗಿದರು. ಸಂಸ್ಕರಿಸಿದ ಅನುಭವ, ಕುಶಲತೆ, ಮೌನ. ಯಾವ ಮಾತಿಗೂ ಕಾರಿಗೂ ಸಂಬಂಧ ಕಾಣುತ್ತಿರಲಿಲ್ಲ. ಅದೇ ಮಾತನ್ನು ಸೋಫಾ ಮಾರುವಾಗಲೂ ಹೇಳಬಹುದಿತ್ತು. ನಾನು ಒಳಗೊಳಗೇ ನಕ್ಕು, ಮಾನ್ಯಾಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಅವಳು ಕೂತ ಎರಡನೇ ನಿಮಿಷಕ್ಕೆ ಆಪಲ್ ಜ್ಯೂಸಿನ ಡಬ್ಬಿಯನ್ನು ಹಿಂಡಿ ಕೆನೆಬಣ್ಣದ ಲೆದರಿನ ಮೇಲೆಲ್ಲ ಚೆಲ್ಲಿದಳು.

“ಸುಮ್ನೆ ಕೂತ್ಕೋ ಅಂದ್ರೆ ಕೇಳಲ್ವೇನೇ?” ಅಂದೆ. ಬೈಗುಳಕ್ಕೆ ನನಗೆ ಇವತ್ತಿಗೂ ಬೇರೆ ಭಾಷೆ ಬರುವುದಿಲ್ಲ.

ಕ್ಯಾಮ್ ಜೇಬಿನಿಂದ ಕರವಸ್ತ್ರ ತೆಗೆದು ಬಗ್ಗಿದರು. “ಬಿಡಿ ಅಕ್ಕ, ಮಗು. ಲೆದರ್ರು, ಒರೆಸಿದ್ರೆ ಹೋಗುತ್ತೆ.”

ಅವರು ತಲೆ ಎತ್ತಿದಾಗ ಮುಖವೇ ಬೇರೆಯಾಗಿತ್ತು. ಬೆಂಗಳೂರಾ, ಮೈಸೂರಾ ಎಂದು ಕೇಳಿದರು. ಬಸವನಗುಡಿ ಅಂದೆ. ತಮ್ಮದು ಮೈಸೂರಿನ ಮಂಡಿ ಮೊಹಲ್ಲಾ ಅಂದರು. ಈ ಶೋರೂಮಿನೊಳಗೆ ಕನ್ನಡ ಕೇಳಿದ್ದು ಇದೇ ಮೊದಲು ಎಂದು ಎರಡು ಸಲ ಹೇಳಿದರು. ಆಮೇಲೆ ಬೀಗದ ಕೈ ತಂದು, ಬನ್ನಿ ಅಕ್ಕ, ಒಂದು ರೌಂಡು ಹೋಗಿಬರೋಣ ಅಂದರು.

ಕಾರು ನಾನು ಓಡಿಸಿದೆ. ಪಕ್ಕದಲ್ಲಿ ಕೂತು ಅವರು ಮಾತಾಡಿದರು. ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡಿದ್ದವರು ಮಾತಾಡುವ ಹಾಗೆ ಮಾತಾಡಿದರು. ತಂದೆ ಮಹಬೂಬ್ ಸಾಹೇಬರು ಟಿಂಕರಿಂಗ್ ಕೆಲಸದವರು, ನೆಗ್ಗಿದ ಗಾಡಿಗಳನ್ನು ಬಡಿದು ನೆಟ್ಟಗೆ ಮಾಡುವುದರಲ್ಲಿ ಇಡೀ ಮೊಹಲ್ಲಾಕ್ಕೆ ಹೆಸರಾದವರು. ಗಾಡಿಗೆ ಎಷ್ಟು ಬಣ್ಣ ಹೊಡೆದಿದ್ದರೂ ಬಾಗಿಲು ಹಾಕಿದ ಸದ್ದು ಕೇಳಿ ಅದರ ಇತಿಹಾಸ ಹೇಳುತ್ತಿದ್ದರಂತೆ. ಮಗ ಡಿಪ್ಲೊಮಾ ಮಾಡಿದರು. ಹೆಂಡತಿ ಶಾಹಿದಾರ ಅಣ್ಣ ಓಕ್ಲ್ಯಾಂಡಿನಲ್ಲಿದ್ದರು, ಅವರು ಅರ್ಜಿ ಹಾಕಿ ಹತ್ತು ವರ್ಷದ ಮೇಲೆ ಇವರಿಗೆ ವೀಸಾ ಬಂತು. ಬಂದವರು ಮೊದಲು ಪೆಟ್ರೋಲ್ ಬಂಕಿನಲ್ಲಿ, ಆಮೇಲೆ ಓಕ್ಲ್ಯಾಂಡಿನ ಹಳೇ ಕಾರು ಮಾರುವ ಒಂದು ಲಾಟಿನಲ್ಲಿ ದುಡಿದರು. ಅಲ್ಲಿ ಇನ್ಶೂರೆನ್ಸ್ ಇರಲಿಲ್ಲ. ಒಬ್ಬಳೇ ಮಗಳು ಆಫ್ರೀನ್‌ಗೆ ಉಬ್ಬಸ. ಪ್ರತಿ ಚಳಿಗಾಲ ಎಮರ್ಜೆನ್ಸಿ ಬಾಗಿಲಲ್ಲಿ ನಿಂತು ನಿಂತು ಸಾಕಾಗಿ, ಕೋಟು ಹೊಲಿಸಿಕೊಂಡು, ಹೆಸರು ಕತ್ತರಿಸಿಕೊಂಡು ಇಲ್ಲಿ ಸೇರಿದ್ದರು.

“ಇಲ್ಲಿ ಇನ್ಶೂರೆನ್ಸ್ ಇದೆ ಅಕ್ಕ. ಈಗ ಮಗು ಉಸಿರಾಡ್ತಾಳೆ,” ಅಂದರು. ಈ ಮಾತು ನನಗೆ ಅಕ್ಷರಶಃ ನೆನಪಿದೆ. ನೆನಪಿಲ್ಲದಿದ್ದರೂ ಟೇಪಿನಲ್ಲಿ ಇದೆ.

ಗುಡ್ಡದ ಹತ್ತಿರ ಕಾರು ನಿಲ್ಲಿಸಲು ಹೇಳಿದರು. “ಕನ್ನಡದೋರು ಅಂತ ಒಂದ್ ಮಾತು ಹೇಳ್ತೀನಿ. ಈ ಗಾಡಿ ತಗೋಬೇಡಿ,” ಅಂದರು.

ಇಳಿದು ಕಿಟಕಿ ಗಾಜಿನ ಮೂಲೆಯನ್ನು ಬೆರಳಿನಿಂದ ತೋರಿಸಿದರು. ಅಲ್ಲಿ ಸಣ್ಣ ಅಕ್ಷರದಲ್ಲಿ ಹರುಮಾ ಅಂತಲೇ ಇತ್ತು. ಇಂಜಿನ್ನು ಅದೇ, ಗೇರು ಅದೇ, ಚಾಸಿಯೂ ಅದೇ. ಮೇಲೆ ಲೆದರು, ಒಳಗೆ ಮರದ ಪಟ್ಟಿ. ಹರುಮಾ ಅನ್ನುವ ಪದ ಶೋರೂಮಿನಲ್ಲಿ ಬಾಯಿ ತಪ್ಪಿ ಬಂದರೂ ಮ್ಯಾನೇಜರು ಕಣ್ಣು ಬಿಡುತ್ತಾನಂತೆ. ರಸ್ತೆಯ ಆಚೆ ಬದಿಯಲ್ಲಿ ಹರುಮಾದ್ದೇ ಅಂಗಡಿ ಇದೆ, ಅಲ್ಲಿ ಹೋಗಿ ಅದನ್ನೇ ತಗೊಳ್ಳಿ, ಮನೆಯವರಿಗೂ ಹೇಳಿ, ಸುಮ್ಮನೆ ಬಿಲ್ಲೆಗೆ ದುಡ್ಡು ಕೊಡಬೇಡಿ ಅಂದರು. ಅವರಿಗೆ ಇದರಿಂದ ಸಿಗುವುದು ಏನೂ ಇರಲಿಲ್ಲ. ಆ ದಿನದ ಒಂದು ಮಾರಾಟ ಕೈಬಿಡುತ್ತಿತ್ತು, ಅಷ್ಟೆ.

ನಾನು ಅಲ್ಲಿಗೆ ಸುಮ್ಮನಾಗಬಹುದಿತ್ತು. ಬ್ಯಾಗಿಗೆ ಕೈ ಹಾಕಿ ಒಂದು ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ನಾನು ಮಾಡಿದ್ದೇ ಬೇರೆ. ಇಷ್ಟು ಒಳ್ಳೆಯ ಕಾರಾದರೂ ಇದು ಯಾರಿಗೂ ನೆನಪಿನಲ್ಲಿ ಉಳಿಯುವುದಿಲ್ಲವಲ್ಲ, ಯಾಕೆ ಎಂದು ಮುಗ್ಧಳ ಹಾಗೆ ಕೇಳಿದೆ.

ಅವರು ನಕ್ಕರು. ಕಿಟಕಿಗೆ ಬಗ್ಗಿ, ಡ್ಯಾಶ್ ಬೋರ್ಡಿನ ಮೇಲೆ ಟಿ.ಕೆ. 30 ಎಂದು ಅಂಟಿಸಿದ್ದನ್ನು ತೋರಿಸಿದರು. “ಹಾಜರಿ ತಗೊಳ್ವಾಗ ಮೇಷ್ಟ್ರು ಟಿ.ಕೆ. ಅಂತ ಹೇಳಿ ನಿಲ್ಲಿಸಿಬಿಟ್ರೆ ಯಾರು ಅಕ್ಕ ಯೆಸ್ ಸಾರ್ ಅನ್ನೋದು? ಟಿ.ಕೆ. ನಾಗೇಶನೋ, ಟಿ.ಕೆ. ರಹಮತ್ತೋ? ಇದಕ್ಕೆ ಬರೀ ಇನಿಶಿಯಲ್ ಇದೆ, ಹೆಸರಿಲ್ಲ. ಆ ಇನಿಶಿಯಲ್ಲೂ ಅಪ್ಪಂದಲ್ಲ. ಅಪ್ಪ ರಸ್ತೆ ಆಚೆ ಕಡೆ ಅಂಗಡಿ ಇಟ್ಕೊಂಡಿದಾನೆ, ಇದು ಅವನ್ನ ಕಂಡ್ರೆ ಮುಖ ತಿರುಗಿಸುತ್ತೆ. ಅಂಥೋನನ್ನ ಊರಲ್ಲಿ ಯಾರಾದ್ರೂ ನೆನಪಿಟ್ಕೋತಾರಾ?”

ಹೋದ ವರ್ಷ ಇದು ಸದ್ದಿಲ್ಲದ ಕಾರು ಎಂದು ಹೇಳಲು ಕಲಿಸಿದ್ದರಂತೆ. ಈ ವರ್ಷ ವೇಗದ ಕಾರು ಅನ್ನಬೇಕಂತೆ. ಕಾರು ಮಾತ್ರ ಅದೇ. ಇದನ್ನೆಲ್ಲ ಹೇಳಿ, ತಮ್ಮ ಎದೆಯ ಪಟ್ಟಿಯನ್ನು ಮುಟ್ಟಿಕೊಂಡು, “ನಾನೇನ್ ಕಮ್ಮಿ? ನಾನೂ ಇಲ್ಲಿ ಕ್ಯಾಮು,” ಅಂದರು. ಹೇಳುವಾಗ ಮುಖ ಆಚೆ ತಿರುಗಿಸಿದರು. ನಾಚಿಕೆ ಪಟ್ಟವರು ಅವರು. ಪಡಬೇಕಾದವಳು ಸ್ಟೀರಿಂಗ್ ಹಿಡಿದು ಕೂತಿದ್ದೆ.

ವಾಪಸು ಬಂದಾಗ ಬ್ಯಾಗಿನೊಳಗೆ ಕಟ್ ಎಂದು ಸದ್ದಾಯಿತು. ಟೇಪಿನ ಒಂದು ಮಗ್ಗುಲು ಮುಗಿದಿತ್ತು. ಅವರಿಗೆ ಕೇಳಿಸಿತೋ ಏನೋ. ಮಾನ್ಯಾಳಿಗೆ ಬಾತ್‌ರೂಮಿಗೆ ಹೋಗಬೇಕು ಎಂದು ಸುಳ್ಳು ಹೇಳಿ ಅವಳನ್ನು ಎಳೆದುಕೊಂಡು ಹೋದೆ. ಅವಳು ‘ಐ ಡೋಂಟ್ ಹ್ಯಾವ್ ಟು ಗೋ’ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು. ಒಳಗೆ ಹೋಗಿ ಕ್ಯಾಸೆಟ್ಟು ತಿರುವಿ ಹಾಕಿದೆ. ಹೊರಗೆ ಬಂದು, ಆ ಇನಿಶಿಯಲ್ ವಿಷಯ ಚೆನ್ನಾಗಿತ್ತು, ನಮ್ಮ ಮನೆಯವರಿಗೆ ಹೇಳಬೇಕು, ಇನ್ನೊಂದು ಸಲ ಹೇಳಿ ಅಂದೆ. ಅವರು ಸಂತೋಷದಿಂದ, ಇನ್ನಷ್ಟು ಉಪ್ಪುಖಾರ ಸೇರಿಸಿ ಹೇಳಿದರು. ನಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ನೀಚವಾದದ್ದು ಇದೇ. ಆಮೇಲಿನದ್ದಕ್ಕೆಲ್ಲ ನೆಪಗಳಿವೆ, ಇದಕ್ಕೆ ಒಂದೂ ಇಲ್ಲ.

ಆ ಟೇಪು ಕನ್ನಡದಲ್ಲಿತ್ತು. ಏಜೆನ್ಸಿಯಲ್ಲಿ ಅದು ತಿಳಿಯುತ್ತಿದ್ದದ್ದು ನನಗೊಬ್ಬಳಿಗೇ. ಊರಿನ ವಿಷಯ ಮಾತಾಡಿದೆವು, ಕಾರಿನ ವಿಷಯ ಏನೂ ಇಲ್ಲ ಎಂದು ಒಂದು ಸಾಲು ಬರೆದಿದ್ದರೆ ಡಯಾನ್ ಆ ಕ್ಯಾಸೆಟ್ಟನ್ನು ಡ್ರಾಯರಿಗೆ ಎಸೆಯುತ್ತಿದ್ದಳು. ನಾನು ನಾಲ್ಕು ದಿನ ಕೂತು ಒಂದು ಪದವನ್ನೂ ಬಿಡದೆ ಇಂಗ್ಲಿಷಿಗೆ ಇಳಿಸಿದೆ. ಆಫ್ರೀನಳ ಉಬ್ಬಸವನ್ನು ಮಾತ್ರ ಬಿಟ್ಟೆ. ಅದು ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ರಾತ್ರಿ ಊಟಕ್ಕೆ ಕೂತಾಗ ವ್ಯಾಸರಾಜನಿಗೆ ಹೆಮ್ಮೆಯಿಂದ ಎಲ್ಲವನ್ನೂ ಹೇಳಿದೆ. ಅವನು ಹಾಜರಿಯ ಮಾತಿಗೆ ಜೋರಾಗಿ ನಕ್ಕ. ಆಮೇಲೆ ಸಾರು ಬಡಿಸಿಕೊಳ್ಳುತ್ತಾ, ಆ ಮನುಷ್ಯನಿಗೆ ಇದರಿಂದ ಏನೂ ಆಗಲ್ಲವಾ ಎಂದು ಕೇಳಿದ. ವರದಿಯಲ್ಲಿ ಹೆಸರೇ ಇರಲ್ಲ ಅಂದೆ.

“ಆ ಶೋರೂಮಲ್ಲಿ ಕನ್ನಡ ಮಾತಾಡೋರು ಎಷ್ಟ್ ಜನ ಇದಾರೆ, ಪ್ರಭಾ?”

ಉಪ್ಪಿನಕಾಯಿ ತರುವ ನೆವದಲ್ಲಿ ಎದ್ದು ಹೋದೆ. ಗೊತ್ತಿರಲಿಲ್ಲ ಎಂದು ನಾನು ಯಾವತ್ತೂ ಹೇಳುವ ಹಾಗಿಲ್ಲ. ಗೊತ್ತಿತ್ತು.

ಮಾರ್ಚಿ ತಿಂಗಳ ಮೊದಲ ವಾರ ಆಲ್ವೆರಾದ ಎಂಟು ಜನ ಬಂದರು. ನಾನು ಎದ್ದು ನಿಂತು, ಭಾರತದ ದಕ್ಷಿಣದಲ್ಲಿ ಹೆಸರಿನ ಹಿಂದೆ ಊರೂ ಅಪ್ಪನೂ ಇರುತ್ತಾರೆ, ನಿಮ್ಮ ಕಾರಿಗೆ ಎರಡೂ ಇಲ್ಲ, ಹೆಸರೂ ಇಲ್ಲ ಎಂದು ಹೇಳಿದೆ. ಹಾಜರಿಯ ಮಾತನ್ನು ನನ್ನ ಸ್ಕೂಲಿನ ನೆನಪಿನ ಹಾಗೆ ಹೇಳಿದೆ. ಅವರು ನಕ್ಕರು, ತಲೆದೂಗಿದರು, ಜಪಾನಿನಿಂದ ಬಂದಿದ್ದ ಹಿರಿಯರೊಬ್ಬರು ಬರೆದುಕೊಂಡರು. ಡಯಾನ್ ನನ್ನ ಭುಜ ತಟ್ಟಿದಳು. ಮುಂದಿನ ಸ್ಲೈಡಿನ ತಲೆಬರಹ ‘ಸೇಲ್ಸ್‌ನವರಿಗೇ ನಂಬಿಕೆಯಿಲ್ಲ’ ಎಂದಿತ್ತು. ಕೆಳಗೆ, ಒಬ್ಬ ಸೇಲ್ಸ್‌ಮನ್ ಭಾರತೀಯ ಭಾಷೆಯೊಂದರಲ್ಲಿ ಗಿರಾಕಿಯನ್ನು ಹರುಮಾ ಅಂಗಡಿಗೆ ಕಳಿಸಿದ ಎಂದು, ಶೋರೂಮಿನ ಊರು, ದಿನಾಂಕ ಹಾಕಿ, ನಾನೇ ಬರೆದಿದ್ದೆ. ಜಾಣತನದ ಮಾತು ನನ್ನದಾಯಿತು, ದ್ರೋಹ ಅವರದಾಯಿತು. ಅದೇ ವಾರ ನನಗೆ ಬಡ್ತಿ ಬಂತು.

ಕಂಪನಿ ಪಾಠ ಕಲಿಯಿತೇ ಎಂದು ಕೇಳಿದರೆ ನಗು ಬರುತ್ತದೆ. ಗಾಜಿನ ಮೂಲೆಯಲ್ಲಿದ್ದ ಹರುಮಾ ಅನ್ನುವುದನ್ನು ಅಳಿಸಿಬಿಟ್ಟರು. ಟಿ.ಕೆ. 30ಕ್ಕೆ ಇನ್ನೊಂದು ಅಕ್ಷರ ಸೇರಿಸಿ ಟಿ.ಕೆ.ವಿ. 32 ಮಾಡಿದರು. ಅಪ್ಪನನ್ನು ಒಪ್ಪಿಕೊಳ್ಳಿ ಎಂದು ಹೇಳಿದ್ದಕ್ಕೆ, ಇದ್ದ ಒಂದು ಗುರುತನ್ನೂ ಉಜ್ಜಿ ತೆಗೆದರು.

ಏಪ್ರಿಲಿನಲ್ಲಿ ಒಂದು ದಿನ ತಡೆಯಲಾರದೆ ಶೋರೂಮಿಗೆ ಫೋನು ಮಾಡಿ ಕ್ಯಾಮ್ ಇದ್ದಾರಾ ಎಂದು ಕೇಳಿದೆ. ಆ ಹುಡುಗಿ, ಕ್ಯಾಮ್ ಈಗ ನಮ್ಮಲ್ಲಿ ಇಲ್ಲ, ನಾನು ಸಹಾಯ ಮಾಡಬಹುದೇ ಅಂದಳು. ಎಲ್ಲಿಗೆ ಹೋದರು ಎಂದು ಕೇಳದೆ ಫೋನು ಇಟ್ಟೆ. ಓಕ್ಲ್ಯಾಂಡಿನಲ್ಲಿ ಹುಡುಕಬಹುದಿತ್ತು, ಹುಡುಕಲಿಲ್ಲ. ಮಾನ್ಯಾಳಿಗೆ ನೆಗಡಿಯಾಗಿ ಎದೆ ಗೊರಗೊರ ಅಂದ ದಿನಗಳಲ್ಲಿ ಮಾತ್ರ, ಇಷ್ಟು ಹೊತ್ತಿಗೆ ಇನ್ನೊಂದು ಮಗುವಿನ ಎದೆ ಹೇಗಿದೆಯೋ ಅನ್ನಿಸುತ್ತಿತ್ತು. ಡಾಕ್ಟರಿಗೆ ಇನ್ಶೂರೆನ್ಸ್ ಕಾರ್ಡು ತೋರಿಸುವಾಗ ಅನ್ನಿಸುತ್ತಿತ್ತು. ಮನೆಗೆ ಬಂದು ಅಡುಗೆಗೆ ಇಟ್ಟರೆ ಮರೆಯುತ್ತಿತ್ತು.

ಆಮೇಲೆ ನಮ್ಮ ಡಾಟ್ ಕಾಮ್ ಗುಳ್ಳೆಯೂ ಒಡೆಯಿತು. 2001ರ ಜನವರಿಯಲ್ಲಿ ಏಜೆನ್ಸಿ ಬಾಗಿಲು ಹಾಕಿತು. ಪಿಂಗ್‌ಪಾಂಗ್ ಟೇಬಲ್ಲನ್ನು ಯಾರೋ ಹೊತ್ತುಕೊಂಡು ಹೋದರು. ಮೇ ತಿಂಗಳಲ್ಲಿ ವ್ಯಾಸರಾಜನ ಕೆಲಸವೂ ಹೋಯಿತು. ಲೀಸಿಗೆ ತಂದಿದ್ದ ಕಾರನ್ನು ವಾಪಸು ಮಾಡುವ ಗಡುವು ಹತ್ತಿರ ಬಂತು, ಅಗ್ಗದ ಹಳೇ ಕಾರು ಬೇಕಾಯಿತು. ವ್ಯಾಸರಾಜನ ಸ್ನೇಹಿತ ಗುರುಪ್ರಸಾದ ಒಂದು ವಿಸಿಟಿಂಗ್ ಕಾರ್ಡು ತಂದುಕೊಟ್ಟ. ಓಕ್ಲ್ಯಾಂಡಿನಲ್ಲಿ ಕನ್ನಡದವರೊಬ್ಬರು ಹಳೇ ಕಾರು ಮಾರುತ್ತಾರೆ, ಬೇಡವಾದ ಗಾಡಿಯನ್ನು ಬೇಡ ಎಂದು ಮುಖಕ್ಕೇ ಹೇಳಿಬಿಡುತ್ತಾರೆ, ಕೆಲಸ ಹೋದ ನಮ್ಮವರೆಲ್ಲ ಈಗ ಅಲ್ಲಿಗೇ ಹೋಗುತ್ತಿದ್ದಾರೆ ಅಂದ. ಕಾರ್ಡಿನ ಮೇಲೆ ಎಚ್. ಎಂ. ಕಮರುದ್ದೀನ್ ಎಂದು ಪೂರ್ತಿಯಾಗಿ, ನಮ್ಮೂರಿನ ಕ್ರಮದಲ್ಲೇ ಇತ್ತು. ವ್ಯಾಸರಾಜ ಕಾರ್ಡು ನೋಡಿ ನನ್ನ ಮುಖ ನೋಡಿದ. ನಾನೊಬ್ಬಳೇ ಹೋಗುತ್ತೇನೆ ಅಂದೆ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕ್ಷಮೆ ಕೇಳಬೇಕು, ಆಫ್ರೀನ್ ಹೇಗಿದ್ದಾಳೆ ಎಂದು ಕೇಳಬೇಕು, ಯಾವುದು ಮೊದಲು ಎಂದು ಲೆಕ್ಕ ಹಾಕುತ್ತಲೇ ತಲುಪಿದೆ. ತಂತಿ ಬೇಲಿ, ಬಣ್ಣದ ಬಾವುಟಗಳು, ಇಪ್ಪತ್ತೈದು ಮೂವತ್ತು ಹಳೇ ಕಾರು. ಕೋಟಿಲ್ಲದೆ, ಅರ್ಧ ತೋಳಿನ ಶರಟಿನಲ್ಲಿ ಅವರು ಬಂದರು. ಗುರುತು ಹಿಡಿದರು. ಮುಖದಲ್ಲಿ ಸಿಟ್ಟಿಲ್ಲ. ಅದಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಬನ್ನಿ ಅಕ್ಕ. ಪಾಪು ಚೆನ್ನಾಗಿದಾಳಾ?” ಅಂದರು.

ಚೆನ್ನಾಗಿದ್ದಾಳೆ ಅಂದೆ. ಆಫ್ರೀನ್ ಎಂದು ತೊದಲಿದೆ. ಅವರು ಕೈಯಲ್ಲಿದ್ದ ಬಟ್ಟೆಯಿಂದ ಒಂದು ಕಾರಿನ ಕನ್ನಡಿ ಒರೆಸುತ್ತಾ, ಹೋದ ಚಳಿಗಾಲ ಎರಡು ಸಲ ಆಸ್ಪತ್ರೆಯಲ್ಲಿ ಇಡಬೇಕಾಯಿತು, ಈಗ ಪರವಾಗಿಲ್ಲ, ಶಾಹಿದಾ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಆರು ತಿಂಗಳು ತುಂಬಿದರೆ ಅಲ್ಲಿ ಇನ್ಶೂರೆನ್ಸ್ ಕೊಡುತ್ತಾರಂತೆ ಅಂದರು. ಹವಾಮಾನದ ವಿಷಯ ಹೇಳುವ ಹಾಗೆ ಹೇಳಿದರು.

“ಕಮರುದ್ದೀನ್ ಅವರೇ, ಅವತ್ತು ನಾನು…”

“ಕೆಲಸದಿಂದ ತೆಗೆಯೋ ದಿನ ಮ್ಯಾನೇಜರು ಕಂಪನಿಯಿಂದ ಬಂದ ಒಂದು ಕಾಗದ ಓದಿದ,” ಎಂದು ಅವರು ಕನ್ನಡಿಯನ್ನೇ ನೋಡುತ್ತಾ ಹೇಳಿದರು. “ಇಂಗ್ಲಿಷಲ್ಲಿತ್ತು. ಇನಿಶಿಯಲ್ ಅಂತ ಒಂದ್ ಪದ ಬಂತು. ಆ ಮಾತು ನಾನು ಜೀವನದಲ್ಲಿ ಒಬ್ರಿಗೇ ಅಕ್ಕ ಹೇಳಿದ್ದು.”

ದಾರಿಯಲ್ಲಿ ಜೋಡಿಸಿಕೊಂಡಿದ್ದ ಒಂದು ಮಾತೂ ಬರಲಿಲ್ಲ. ತಪ್ಪಾಯಿತು ಅಂದೆನೋ ಇಲ್ಲವೋ, ಅದೂ ಈಗ ಸರಿಯಾಗಿ ನೆನಪಿಲ್ಲ. ಅಂದಿದ್ದರೂ ಯಾರಿಗೂ ಕೇಳಿಸದ ಹಾಗೆ ಅಂದಿರುತ್ತೇನೆ. ಅವರು ಬಟ್ಟೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು, ಎಂಥ ಗಾಡಿ ನೋಡ್ತಿದೀರಿ ಎಂದು ಕೇಳಿದರು. ನಾನು ಎದುರಿಗೆ ಕಂಡ ಬೆಳ್ಳಿ ಬಣ್ಣದ ಹರುಮಾ ಒಂದನ್ನು ತೋರಿಸಿದೆ.

ಅವರು ಅದರ ಹತ್ತಿರ ಹೋದರು. ಬಾಗಿಲು ತೆರೆದರು, ಹಾಕಿದರು, ಆ ಸದ್ದಿಗೆ ತಲೆ ಸ್ವಲ್ಪ ಓರೆ ಮಾಡಿ ಕಿವಿ ಕೊಟ್ಟರು. ಏನೋ ಹೇಳಲು ಬಾಯಿ ತೆರೆದವರು ತಡೆದರು. ನನ್ನ ಹೆಗಲಿಗೆ ನೇತುಬಿದ್ದಿದ್ದ ಹ್ಯಾಂಡ್‌ಬ್ಯಾಗನ್ನು ನೋಡಿದರು. ಅದೇ ಹಳೇ ಬ್ಯಾಗು.

“ಬ್ಯಾಗು ಕಾರಲ್ಲಿ ಇಟ್ಬಿಟ್ಟು ಬನ್ನಿ ಅಕ್ಕ,” ಅಂದರು. “ಆಮೇಲೆ ನಿಜ ಹೇಳ್ತೀನಿ.”

ಬ್ಯಾಗಿನಲ್ಲಿ ಮಾನ್ಯಾಳ ಬಿಸ್ಕತ್ತು, ಪರ್ಸು, ಮನೆಯ ಬೀಗದ ಕೈ ಬಿಟ್ಟರೆ ಏನೂ ಇರಲಿಲ್ಲ. ಹಾಗೆಂದು ಹೇಳಲು ನನಗೆ ಯಾವ ಮುಖವಿತ್ತು? ಬೇಲಿಯ ಆಚೆ ನಿಲ್ಲಿಸಿದ್ದ ಕಾರಿನ ತನಕ ನಡೆದುಹೋಗಿ, ಬ್ಯಾಗನ್ನು ಸೀಟಿನ ಮೇಲೆ ಅವರಿಗೆ ಕಾಣುವ ಹಾಗೆ ಇಟ್ಟು, ಬಾಗಿಲು ಹಾಕಿ, ಬರಿಗೈಯಲ್ಲಿ ವಾಪಸು ಬಂದೆ.